ಹಳೆ ಜಾವಾಕ್ಕೆ ಪಾರ್ಟು: ಮೈಸೂರಿನಲ್ಲೇ ಹುಡುಕಬೇಕಾ, ಜೆಕ್ ದೇಶದಿಂದ ತರಿಸಬೇಕಾ?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಅಪ್ಪನ 1968ರ ಜಾವಾ 250 ಬಹಳ ವರ್ಷದಿಂದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ನಿಂತಿತ್ತು. ಈಗ ಮಂಡ್ಯದ ಮೆಕ್ಯಾನಿಕ್ ಒಬ್ಬರು ಇಂಜಿನ್ ಬಿಚ್ಚಿದ್ದಾರೆ. ಪಿಸ್ಟನ್, ರಿಂಗು, ಕ್ರ್ಯಾಂಕ್ ಬೇರಿಂಗು, ಆಯಿಲ್ ಸೀಲು, ಕ್ಲಚ್ ಪ್ಲೇಟು, ಕಾರ್ಬ್ಯುರೇಟರ್, ಸ್ಪೀಡೋಮೀಟರ್, ಟ್ಯಾಂಕಿನ ಪಕ್ಕದ ರಬ್ಬರು, ಎರಡೂ ಸೈಲೆನ್ಸರ್, ಇಷ್ಟೂ ಬೇಕಂತೆ. ಜೆಕ್ ದೇಶದ ಆನ್‌ಲೈನ್ ಅಂಗಡಿಯಲ್ಲಿ ಎಲ್ಲವೂ ಇದೆ, ಒಂದೇ ಸಲ ತರಿಸಿಬಿಡೋಣ ಅಂತಾನೆ ಮಗ. ಮೆಕ್ಯಾನಿಕ್ ಮಾತ್ರ, ಮೈಸೂರಿಗೆ ಹೋಗಿ ಬನ್ನಿ ಸ್ವಾಮಿ, ಅಲ್ಲಿ ಸಿಗದ್ದು ಏನಿದೆ ಅಂತಾರೆ. ಯಾರ ಮಾತು ಸರಿ? ಯಾವುದರಲ್ಲಿ ಖರ್ಚು ಕಡಿಮೆ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಮೆಕ್ಯಾನಿಕ್ ಹೇಳಿದ ಹಾಗೆ ಮಾಡಿ, ಉಳಿದ ಕಾಲು ಭಾಗ ಮಗನ ಕೈಗೆ ಬಿಡಿ. ನಾನು ನೋಡುವುದು ಇಷ್ಟೇ. ಹಳೆಯದನ್ನು ಪಕ್ಕದಲ್ಲಿಟ್ಟು ಹೊಂದಿಸಿ ನೋಡಿಯೇ ಕೊಳ್ಳಬೇಕಾದ ಪಾರ್ಟನ್ನು ಇಲ್ಲೇ ಕೊಳ್ಳಬೇಕು. ನಂಬರಿನಿಂದಲೇ ಗುರುತು ಸಿಗುವಂಥದ್ದು, ಹಗುರವಾಗಿದ್ದು, ಇಲ್ಲಿ ಒಳ್ಳೆಯದು ಸಿಗದೇ ಇದ್ದರೆ ಮಾತ್ರ ಹೊರಗಿನಿಂದ ತರಿಸಬೇಕು. ಮೂರನೆಯ ದಾರಿಯೂ ಒಂದಿದೆ, ಅದನ್ನು ಇಬ್ಬರೂ ಹೇಳಿಲ್ಲ: ಇರುವುದನ್ನೇ ರಿಪೇರಿ ಮಾಡಿಸುವುದು. ಹಳೆ ಗಾಡಿಯ ವಿಷಯದಲ್ಲಿ ಎಷ್ಟೋ ಸಲ ಅದೇ ಒಳ್ಳೆಯದು.

ಮೊದಲು ಗಾಡಿಯ ಊರು ನೋಡೋಣ. ನಿಮ್ಮದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಅಲ್ಲಿ 1961ರಲ್ಲಿ ಗಾಡಿ ತಯಾರಿ ಶುರುವಾಯಿತು. 1973ರಿಂದ ಯೆಜ್ಡಿ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಮೊದಮೊದಲು ಜೆಕೊಸ್ಲೊವಾಕಿಯಾದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಆಮೇಲೆ ಒಂದೊಂದೇ ಪಾರ್ಟು ಇಲ್ಲಿಯೇ ತಯಾರಾಗತೊಡಗಿತು. ಹಾಗಾಗಿ 1968ರ ಗಾಡಿಯ ಅಸ್ಥಿಪಂಜರ ಜೆಕ್ ಜಾವಾದ 353 ಮಾದರಿಯದ್ದೇ ಆದರೂ, ಒಳಗಿನ ಎಲ್ಲ ಪಾರ್ಟೂ ಅಲ್ಲಿಯ ಕ್ಯಾಟಲಾಗಿನ ಚಿತ್ರದ ಹಾಗೇ ಇರುತ್ತದೆ ಅಂತ ನಂಬಬೇಡಿ. ಇಷ್ಟು ವರ್ಷದಲ್ಲಿ ನಿಮ್ಮ ಅಪ್ಪ ಎಷ್ಟು ಸಲ ಯಾವ ಅಂಗಡಿಯಿಂದ ಏನೇನು ಹಾಕಿಸಿದ್ದಾರೋ, ಅದೂ ಗೊತ್ತಿಲ್ಲ ಅಲ್ವಾ? ಯೆಜ್ಡಿ ಕಾಲದ ಪಾರ್ಟು ಜಾವಾಕ್ಕೆ ಹಾಕಿ ಓಡಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಮಗ ಹುಡುಕುವಾಗ ಇನ್ನೊಂದು ಎಚ್ಚರ ಬೇಕು. ಬರೀ ಜಾವಾ ಅಂತ ಟೈಪ್ ಮಾಡಿದರೆ 2018ರಲ್ಲಿ ಬಂದ ಹೊಸ ಜಾವಾದ ಪಾರ್ಟೂ ಬರುತ್ತದೆ. ಅದು 293 ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್. ನಿಮ್ಮದು ಟೂ ಸ್ಟ್ರೋಕ್. ಹೆಸರು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಯೆಜ್ಡಿಯ ರೋಡ್‌ಕಿಂಗ್ ಮಾದರಿಯ ಪಾರ್ಟೂ ಬೇರೆ. 353 ಅನ್ನುವ ನಂಬರು ಸೇರಿಸಿಯೇ ಹುಡುಕಲಿ.

ಈಗ ಪಿಸ್ಟನ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ನಿಮ್ಮ ಇಂಜಿನ್ನಿನ ಮೂಲ ಬೋರು (ಸಿಲಿಂಡರಿನ ಒಳಗಿನ ಅಗಲ) 65 ಮಿಮೀ, ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಮಿಮೀ. ಇಷ್ಟು ಹಳೆಯ ಗಾಡಿಯ ಸಿಲಿಂಡರ್ 65ರಲ್ಲೇ ಉಳಿದಿರುವುದು ಅನುಮಾನ. ಒಂದೆರಡು ಸಲ ಬೋರು ಹೊಡೆಸಿ, ಅಂದರೆ ಒಳಗೆ ಕೊರೆಸಿ ಅಗಲ ಮಾಡಿಸಿರುತ್ತಾರೆ. ಓವರ್‌ಸೈಜ್ ಪಿಸ್ಟನ್ ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಏರುತ್ತದೆ: 65.25, 65.50, ಹೀಗೆ. ಈಗ ಎಷ್ಟಿದೆ ಅಂತ ಲೇತಿನವರು ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಅಡ್ಡಡ್ಡ ತಿರುಗಿಸಿ ಮತ್ತೊಮ್ಮೆ ಅಳೆಯಬೇಕು. ಪಿಸ್ಟನ್ ಒಂದು ಪಕ್ಕಕ್ಕೆ ಒತ್ತಿ ಒತ್ತಿ ಸಿಲಿಂಡರ್ ಮೊಟ್ಟೆಯಾಕಾರ ಆಗಿರುತ್ತದೆ. ಹಳೆ ಪಿಸ್ಟನ್ನಿನ ತಲೆ ಮೇಲಿನ ನಂಬರು ನೋಡಿ ಆರ್ಡರ್ ಹಾಕಿದರೆ ಕೆಟ್ಟಿರಿ. ಆ ಪಿಸ್ಟನ್ ಹಾಕಿದ ದಿನದ ಅಳತೆ ಅದು, ಇವತ್ತಿನದಲ್ಲ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಪಿಸ್ಟನ್ ಕೈಗೆ ಬರುವ ತನಕ ಸಿಲಿಂಡರ್ ಬೋರು ಹೊಡೆಸಬೇಡಿ. ಬೋರಿಂಗ್ ಮಾಡುವವರು ಆ ಪಿಸ್ಟನ್ನನ್ನೇ ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕ ಸಂದು ಬಿಟ್ಟು ಕೊರೆದು ಹೋನಿಂಗ್ (ಕಲ್ಲಿನಿಂದ ಉಜ್ಜಿ ನಯ) ಮಾಡಬೇಕು. ಒಂದೇ ಸೈಜು ಅಂತ ಡಬ್ಬಿ ಮೇಲೆ ಬರೆದ ಎರಡು ಕಂಪನಿಯ ಪಿಸ್ಟನ್ ಕೂದಲೆಳೆಯಷ್ಟು ಬೇರೆ ಇರುತ್ತವೆ. ಟೂ ಸ್ಟ್ರೋಕಿನಲ್ಲಿ ಆ ಕೂದಲೆಳೆಯೇ ಸಾಕು, ಬಿಸಿಯಾದ ಮೇಲೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ನಿಂತು ಕೊಳ್ಳುವಾಗ ರಿಂಗು ಕೂರುವ ಗೀರಿನಲ್ಲಿ ಸಣ್ಣ ಪಿನ್ನು ಗಟ್ಟಿಯಾಗಿ ಕೂತಿದೆಯಾ ನೋಡಿ. ರಿಂಗಿನ ತುದಿ ತಿರುಗಿ ಸಿಲಿಂಡರ್ ಗೋಡೆಯ ಪೋರ್ಟಿಗೆ (ಕಿಂಡಿಗೆ) ಸಿಕ್ಕಿಕೊಳ್ಳದ ಹಾಗೆ ಹಿಡಿದಿಡುವುದೇ ಆ ಪಿನ್ನು. ಅದು ಸಡಿಲವಿದ್ದರೆ ಆ ಪಿಸ್ಟನ್ ಎಷ್ಟೇ ಹೊಳೆಯುತ್ತಿರಲಿ, ವಾಪಸ್ ಕೊಡಿ. ಇದನ್ನು ಫೋಟೋದಲ್ಲಿ ನೋಡೋಕೆ ಆಗಲ್ಲ. ಹಾಗಾಗಿ ಪಿಸ್ಟನ್ ಇಲ್ಲೇ ಕೊಳ್ಳಿ ಅಂತೀನಿ. ನಿಮ್ಮ ಸೈಜಿನದ್ದು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಸಿಗಲೇ ಇಲ್ಲ ಅಂದರೆ ಮಾತ್ರ ಹೊರಗೆ ನೋಡಿ. ಆಗಲೂ ಮೊದಲು ಅಳತೆ, ಆಮೇಲೆ ಆರ್ಡರ್.

ಬೇರಿಂಗು ಸುಲಭ. ಅದರ ಮೈಮೇಲೆ ನಂಬರು ಕೊರೆದಿರುತ್ತದೆ. 6305 ಅಂದರೆ ಒಳಗೆ 25, ಹೊರಗೆ 62, ಅಗಲ 17 ಮಿಮೀ. ಪ್ರಾಗ್‌ನಲ್ಲಿ ಕೊಂಡರೂ ಅಷ್ಟೇ, ಮಂಡ್ಯದ ನೂರಡಿ ರಸ್ತೆಯಲ್ಲಿ ಕೊಂಡರೂ ಅಷ್ಟೇ. ಕಬ್ಬಿನ ಗಾಣ, ಪಂಪ್‌ಸೆಟ್, ಟ್ರ್ಯಾಕ್ಟರ್ ಇರುವ ಜಿಲ್ಲೆಯಲ್ಲಿ ಬೇರಿಂಗ್ ಅಂಗಡಿಗೆ ಬರವೇ? ಇದಕ್ಕೆ ವಿಮಾನದ ಬಾಡಿಗೆ ಕೊಡುವುದು ಸುಮ್ನೆ ದಂಡ. ಆದರೆ ನಂಬರಿನ ಪಕ್ಕದಲ್ಲಿ ಸಿ3 ಅಂತ ಇದೆಯಾ ನೋಡಿ. ಒಳಗಿನ ಗುಂಡುಗಳಿಗೂ ಬಳೆಗಳಿಗೂ ನಡುವೆ ಸ್ವಲ್ಪ ಜಾಸ್ತಿ ಸಡಿಲು ಇದೆ ಅಂತ ಅದರ ಅರ್ಥ. ಕ್ರ್ಯಾಂಕು ಬಿಸಿಯಾಗಿ ಹಿಗ್ಗಿದಾಗ ಅದು ಬೇಕು. ಅಂಗಡಿಯವರು ನಂಬರು ಒಂದೇ ತಾನೇ ಅಂತ ಸಾದಾ ಬೇರಿಂಗ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೆಸರಾಂತ ಕಂಪನಿಗಳ ಬೇರಿಂಗಿಗೂ ಡೂಪ್ಲಿಕೇಟ್ ಡಬ್ಬಿ ಬರುತ್ತದೆ, ಅದಕ್ಕೇ ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಆಯಿಲ್ ಸೀಲಿನ ಅಳತೆಯೂ ಅದರ ಮೇಲೇ ಇರುತ್ತದೆ. ಇಲ್ಲಿ ಪ್ರಶ್ನೆ ಅಳತೆಯದ್ದಲ್ಲ, ರಬ್ಬರಿನದ್ದು. ಕ್ರ್ಯಾಂಕಿನ ಎರಡು ಕಡೆ ಸೀಲು ಇರುತ್ತದೆ. ಕ್ಲಚ್ ಕಡೆಯದ್ದು ಹೋದರೆ ಇಂಜಿನ್ ಆ ಕಡೆಯ ಆಯಿಲನ್ನು ಒಳಗೆಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ಡೈನಮೋ ಕಡೆಯದ್ದು ಹೋದರೆ ಗಾಳಿ ಎಳೆದುಕೊಳ್ಳುತ್ತದೆ, ಪೆಟ್ರೋಲು ಪ್ರಮಾಣ ಕಡಿಮೆಯಾಗಿ ಇಂಜಿನ್ ಕಾದು ಹೊಸ ಪಿಸ್ಟನ್ನೇ ಹಾಳಾಗುತ್ತದೆ. ಜೊತೆಗೆ ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲು. 1968ರ ರಬ್ಬರಿಗೆ ಅದರ ಪರಿಚಯವೇ ಇಲ್ಲ. ವಿದೇಶಿ ಸೈಟುಗಳಲ್ಲಿ ಹಳೆ ಸ್ಟಾಕು, ಪ್ಯಾಕೆಟ್ ಒಡೆದಿಲ್ಲ, ಒರಿಜಿನಲ್ ಅಂತ ಸೀಲು ಮಾರುತ್ತಾರೆ. ಕಬ್ಬಿಣದ ಪಾರ್ಟಾದರೆ ಹಳೆ ಸ್ಟಾಕು ಬಂಗಾರ. ರಬ್ಬರಿಗೆ ಆ ಮಾತು ಹೇಳಲಾಗದು. ಪ್ಯಾಕೆಟ್ಟಿನೊಳಗೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಹೊಸದಾಗಿ ತಯಾರಾದ ಸೀಲು ಕೊಳ್ಳಿ. ಸಿಕ್ಕರೆ ವೈಟಾನ್ ಅನ್ನುವ ಬಗೆಯ ರಬ್ಬರಿನ ಸೀಲು ಕೇಳಿ, ಬೆಲೆ ಜಾಸ್ತಿ, ಬಿಸಿಗೂ ಎಥೆನಾಲಿಗೂ ತಡೆಯುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಷರು, ಇವನ್ನೂ ಅದೇ ಕೈಯಲ್ಲಿ ಬದಲಾಯಿಸಿಬಿಡಿ.

ಕ್ಲಚ್ ಪ್ಲೇಟು ಇಲ್ಲೇ. ಜಾವಾದಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಇದೆ, ನಿಮಗೆ ಗೊತ್ತೇ ಇರುತ್ತದೆ. ಪ್ಲೇಟಿನ ದಪ್ಪ ವ್ಯತ್ಯಾಸವಾದರೆ ಆ ಹೊಂದಾಣಿಕೆ ಕೈಗೆ ಸಿಗುವುದಿಲ್ಲ. ಹಳೆ ಸೆಟ್ಟು, ಹೊಸ ಸೆಟ್ಟು ಎರಡನ್ನೂ ಜೋಡಿಸಿ ವರ್ನಿಯರ್ ಇಟ್ಟು ನೋಡಿ.

ಕಾರ್ಬ್ಯುರೇಟರ್ ವಿಷಯದಲ್ಲಿ ಮಗನ ಮಾತಿಗೆ ನನ್ನ ಓಟು. ನಿಮ್ಮ ಗಾಡಿಯಲ್ಲಿ ಜಿಕಾವ್ ಅನ್ನುವ ಮೂಲ ಜೆಕ್ ಕಾರ್ಬ್ಯುರೇಟರ್ ಇನ್ನೂ ಉಳಿದಿದ್ದರೆ ಅದನ್ನು ಎಸೆಯಬೇಡಿ. ಒಳಗಿನ ಸ್ಲೈಡನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಲಟಲಟ ಅನ್ನದೇ ಇದ್ದರೆ ಬಾಡಿ ಚೆನ್ನಾಗಿದೆ, ಬರೀ ರಿಪೇರಿ ಕಿಟ್ ಸಾಕು: ಜೆಟ್ಟು, ನೀಡಲ್, ಫ್ಲೋಟು, ವಾಷರು. ಇದು ಅಂಗೈಯಗಲದ ಪೊಟ್ಟಣ. ಅಂಚೆ ಖರ್ಚು ಕಡಿಮೆ. ಜೆಟ್ಟಿನ ಮೇಲೆ ನಂಬರೂ ಇರುತ್ತದೆ, ತಪ್ಪುವ ಭಯ ಕಡಿಮೆ. ಇಲ್ಲಿ ಸಿಗುವ ಕೆಲವು ಜೆಟ್ಟುಗಳಲ್ಲಿ ನಂಬರು ಒಂದು, ತೂತು ಇನ್ನೊಂದು. ಹೊರಗಿನಿಂದ ತರಿಸಲು ಇದಕ್ಕಿಂತ ಒಳ್ಳೆಯ ವಸ್ತು ನಿಮ್ಮ ಪಟ್ಟಿಯಲ್ಲಿ ಇಲ್ಲ. ಟ್ಯಾಂಕಿನ ಪಕ್ಕದ ರಬ್ಬರನ್ನೂ ಅದರ ಜೊತೆಯಲ್ಲೇ ತರಿಸಬಹುದು, ಹೊಸದಾಗಿ ತಯಾರಾದದ್ದು ಅಂತ ಖಾತ್ರಿ ಮಾಡಿಕೊಂಡು.

ಸ್ಪೀಡೋಮೀಟರನ್ನು ಮೊದಲು ರಿಪೇರಿಯವರ ಹತ್ತಿರ ಒಯ್ಯಿರಿ. ಎಷ್ಟೋ ಮೀಟರಿನಲ್ಲಿ ಎಣ್ಣೆ ಒಣಗಿ ಜಿಡ್ಡಾಗಿರುತ್ತದೆ, ಬೇರೇನೂ ಆಗಿರುವುದಿಲ್ಲ. ಹೊರಗಿನಿಂದ ತಂದ ಮೀಟರು ಹೆಡ್‌ಲೈಟ್ ಡೂಮಿನಲ್ಲಿ ಸರಿಯಾಗಿ ಕೂತರೂ, ಒಳಗಿನ ಗೇರಿನ ಲೆಕ್ಕ ಬೇರೆ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಅದಿರಲಿ, ಅಪ್ಪ ಓಡಿಸಿದ ಕಿಲೋಮೀಟರು ಆ ಮೀಟರಿನಲ್ಲಿದೆ. ನಾನಾದರೆ ಬದಲಾಯಿಸುತ್ತಿರಲಿಲ್ಲ.

ಸೈಲೆನ್ಸರಂತೂ ಹೊರಗಿನಿಂದ ಬೇಡವೇ ಬೇಡ. ವಿಮಾನದಲ್ಲಿ ಬರುವ ಕೊರಿಯರಿಗೆ ಬರೀ ತೂಕ ನೋಡಿ ದುಡ್ಡು ಹಾಕುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಎರಡು ಸೈಲೆನ್ಸರ್ ಹಿಡಿಯುವ ಡಬ್ಬಿ 120, 30, 20 ಅಂತ ಇಟ್ಟುಕೊಳ್ಳಿ. 14.4 ಕೆಜಿಯ ಬಾಡಿಗೆ ಬೀಳುತ್ತದೆ, ನಿಜವಾದ ತೂಕ ಅದರ ಅರ್ಧ ಇದ್ದರೂ ಸರಿ. ಒಳಗಡೆ ನೀವು ದುಡ್ಡು ಕೊಟ್ಟು ತರಿಸುವುದು ಗಾಳಿಯನ್ನೇ. ಇರುವ ಸೈಲೆನ್ಸರ್ ತೂತು ಬಿದ್ದಿರದಿದ್ದರೆ ಒಳಗಿನ ಕರಿ ಸುಟ್ಟು ತೆಗೆಸಿ, ತಗ್ಗು ಎತ್ತಿಸಿ, ಬಫಿಂಗ್ ಮಾಡಿಸಿ ಕ್ರೋಮ್ ಹಾಕಿಸಿ. ಹೊಸದೇ ಬೇಕೆಂದರೆ ಇಲ್ಲಿ ತಯಾರಾಗುವುದು ಸಿಗುತ್ತದೆ. ಕೊಂಡ ಮೇಲೆ ಮೊದಲು ಗಾಡಿಗೆ ಕೂರಿಸಿ ನೋಡಿ. ಕೂರದ ಬ್ರಾಕೆಟ್ಟನ್ನು ಕ್ರೋಮ್ ಆದ ಮೇಲೆ ವೆಲ್ಡಿಂಗ್ ಮಾಡಿಸುವುದಕ್ಕಿಂತ ಬೇಜಾರು ಬೇರೆ ಇಲ್ಲ.

ಇನ್ನು ಖರ್ಚಿನ ಲೆಕ್ಕ. ಸೈಟಿನಲ್ಲಿ ಕಾಣುವ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಅಬ್ಬಾ ಕಡಿಮೆ ಇದೆ ಅಂತ ಮಗ ಹೇಳಿರಬಹುದು. ಕಸ್ಟಮ್ಸಿನವರು ಸುಂಕ ಹಾಕುವುದು ಬರೀ ಪಾರ್ಟಿನ ಬೆಲೆಗಲ್ಲ. ಸಾಗಣೆ, ವಿಮೆ ಎರಡನ್ನೂ ಸೇರಿಸಿದ ಮೊತ್ತಕ್ಕೆ. ಪಾರ್ಟಿಗೆ 12,000, ಸಾಗಣೆಗೆ 4,000 ಅಂದುಕೊಳ್ಳಿ. ಒಟ್ಟು 16,000. ಮೂಲ ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಪಾರ್ಸಲನ್ನು ಯಾವ ವರ್ಗಕ್ಕೆ ಸೇರಿಸುತ್ತಾರೆ ಅನ್ನುವುದರ ಮೇಲೂ ನಿಂತಿದೆ. ಲೆಕ್ಕಕ್ಕೆ ಶೇ. 15 ಇಟ್ಟುಕೊಳ್ಳೋಣ: 2,400. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್: 240. ಇವೆಲ್ಲ ಸೇರಿದ 18,640ರ ಮೇಲೆ ಶೇ. 18 ಐಜಿಎಸ್‌ಟಿ (ಆಮದಿನ ಮೇಲೆ ಹಾಕುವ ಜಿಎಸ್‌ಟಿ): ಸುಮಾರು 3,355. ಕೈಗೆ ಬರುವ ಹೊತ್ತಿಗೆ 22,000 ಮುಟ್ಟಿತು. ಕೊರಿಯರಿನವರ ಕ್ಲಿಯರೆನ್ಸ್ ಚಾರ್ಜು, ಕಾರ್ಡಿನವರು ವಿದೇಶಿ ಹಣಕ್ಕೆ ಹಾಕುವ ಕಮಿಷನ್ನು, ಇವು ಬೇರೆ. ಇತ್ತ ವಾಹನದ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ ಶೇ. 18 ಆಗಿದೆ, ಮೊದಲು ಬಹುಪಾಲು ಪಾರ್ಟಿಗೆ ಶೇ. 28 ಇತ್ತು. ಹಾಗಾಗಿ ಊರಿನ ಅಂಗಡಿಯ ಬಿಲ್ಲಿನ ಬೆಲೆ ಈಗ ಮೊದಲಿಗಿಂತ ಪರವಾಗಿಲ್ಲ.

ಒಂದು ಕಡೆ ಮಾತ್ರ ನಿಮಗೆ ಉಳಿತಾಯ ಇದೆ, ಬಹಳ ಜನ ಇದನ್ನು ಕೇಳುವುದೇ ಇಲ್ಲ. ಜೆಕ್ ಅಂಗಡಿಯ ಬೆಲೆಯಲ್ಲಿ ಅಲ್ಲಿಯ ಶೇ. 21 ವ್ಯಾಟ್ ಸೇರಿರುತ್ತದೆ. ಯುರೋಪಿನ ಒಕ್ಕೂಟದಿಂದ ಹೊರಗೆ ಕಳಿಸುವಾಗ ಅಂಗಡಿಯವರು ಅದನ್ನು ಬಿಟ್ಟು ಬಿಲ್ ಮಾಡಬಹುದು. 121 ಯೂರೋದ ವಸ್ತು 100ಕ್ಕೆ ಇಳಿಯುತ್ತದೆ. ದುಡ್ಡು ಕಟ್ಟುವ ಮುಂಚೆ ಇಮೇಲ್ ಬರೆದು ಕೇಳಲಿ. ವಿಳಾಸ ಭಾರತ ಅಂತ ಹಾಕಿದ ಕೂಡಲೇ ತಾನಾಗೇ ಕಳೆಯುವ ಅಂಗಡಿಗಳೂ ಇವೆ.

ಕೆಲವು ಮಾರಾಟಗಾರರು ತಾವಾಗೇ ಹೇಳುತ್ತಾರೆ, ಗಿಫ್ಟ್ ಅಂತ ಬರೆದು ಬೆಲೆ ಕಡಿಮೆ ತೋರಿಸಿ ಕಳಿಸುತ್ತೇವೆ ಅಂತ. ಬೇಡ ಅನ್ನಿ. ಗಿಫ್ಟ್ ಪಾರ್ಸಲಿಗೆ ಇದ್ದ ಸುಂಕ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದಿದ್ದಾರೆ, ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು. ಸುಳ್ಳು ಬೆಲೆ ಸಿಕ್ಕಿಬಿದ್ದರೆ ಪಾರ್ಸಲ್ ಅಲ್ಲೇ ಉಳಿಯುತ್ತದೆ, ದಂಡ ನಿಮ್ಮ ತಲೆಗೆ. ದಾರಿಯಲ್ಲಿ ಕಳೆದುಹೋದರೂ ಪರಿಹಾರ ಸಿಗುವುದು ಬರೆದ ಬೆಲೆಗೆ ಮಾತ್ರ. ಪಾರ್ಸಲ್ ಬಿಡಿಸಲು ಗುರುತಿನ ಚೀಟಿ ಕೇಳುತ್ತಾರೆ, ಆರ್ಡರಿನಲ್ಲಿರುವ ಹೆಸರೂ ಅದರಲ್ಲಿರುವ ಹೆಸರೂ ಒಂದೇ ಇರಲಿ.

ಬಳಸಿದ ಪಾರ್ಟಿನ ಗೊಡವೆಗೂ ಹೋಗಬೇಡಿ. ವಿದೇಶದಿಂದ ಸೆಕೆಂಡ್‌ಹ್ಯಾಂಡ್ ವಸ್ತು ತರಿಸಲು, ಕಾರ್ಖಾನೆ ಯಂತ್ರಗಳಂಥವನ್ನು ಬಿಟ್ಟು, ಸರ್ಕಾರದ ಅನುಮತಿ ಪತ್ರ ಬೇಕು. ಸೈಟಿನಲ್ಲಿ ಅಗ್ಗಕ್ಕೆ ಕಾಣುವ ಹಳೆ ಗೇರು, ಹಳೆ ಕ್ರ್ಯಾಂಕು ಕಸ್ಟಮ್ಸಿನಲ್ಲಿ ನಿಂತರೆ ಬಿಡಿಸುವುದು ತಲೆನೋವು. ಬಳಸದೇ ಉಳಿದ ಹಳೆ ಸ್ಟಾಕಿಗೆ ಈ ತೊಂದರೆ ಇಲ್ಲ, ಬಿಲ್ಲಿನಲ್ಲಿ ಹೊಸದು ಅಂತ ಸ್ಪಷ್ಟವಾಗಿ ಇರಬೇಕು ಅಷ್ಟೇ.

ಇನ್ನೊಂದು ತಮಾಷೆ ಕೇಳಿ. ವಿದೇಶಿ ಹರಾಜು ಸೈಟುಗಳಲ್ಲಿ ಡಾಲರಿನಲ್ಲಿ ಬೆಲೆ ಹಾಕಿರುವ ಎಷ್ಟೋ ಜಾವಾ ಪಾರ್ಟುಗಳ ಮಾರಾಟಗಾರರು ಕೂತಿರುವುದು ದೆಹಲಿಯಲ್ಲಿ. ನಮ್ಮ ದೇಶದಲ್ಲೇ ತಯಾರಾದ ಮಾಲು. ವಸ್ತು ಎಲ್ಲಿದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಮಗ ಅದನ್ನು ಓದಲಿ.

ಮೈಸೂರಿಗೆ ಹೋಗುವ ದಿನ ಬರೀ ಪಟ್ಟಿ ಹಿಡಿದು ಹೋಗಬೇಡಿ. ಹಳೆ ಪಾರ್ಟುಗಳನ್ನು ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ತೊಳೆದು, ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸ ಶೋರೂಮುಗಳಲ್ಲಿ ಕೇಳಿ ಪ್ರಯೋಜನವಿಲ್ಲ. ಜಾವಾ ಫ್ಯಾಕ್ಟರಿ ಇದ್ದ ಕಾಲದಿಂದ ಈ ಗಾಡಿಗಳನ್ನೇ ಬಿಚ್ಚಿ ಕಟ್ಟಿದ ಹಳೆ ಮೆಕ್ಯಾನಿಕ್‌ಗಳನ್ನು ವಿಚಾರಿಸಿ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಗಾಡಿಯವರೆಲ್ಲ ಸೇರುತ್ತಾರೆ. ಯಾರ ಹತ್ತಿರ ಏನಿದೆ ಅನ್ನುವುದು ಅಲ್ಲಿ ಗೊತ್ತಾಗುವಷ್ಟು ಇನ್ನೆಲ್ಲೂ ಗೊತ್ತಾಗುವುದಿಲ್ಲ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಆಮೇಲೆ ಶಿವಾಜಿನಗರದ ಗುಜರಿ. ಅಂಗಡಿಯವರ ಹತ್ತಿರ ಮೊದಲೇ ಮಾತಾಡಿ: ಕೂರದಿದ್ದರೆ ಎಷ್ಟು ದಿನದೊಳಗೆ ವಾಪಸ್ ತಗೋತೀರಿ ಅಂತ. ಈ ಒಂದು ಸೌಕರ್ಯ ಪ್ರಾಗ್‌ನವರು ಕೊಟ್ಟರೂ ನಿಮಗೆ ಉಪಯೋಗವಿಲ್ಲ. ವಾಪಸ್ ಕಳಿಸುವ ಖರ್ಚು ನಿಮ್ಮದು, ಕಟ್ಟಿದ ಸುಂಕ ಹಿಂದಕ್ಕೆ ಪಡೆಯುವುದು ಇನ್ನೊಂದು ಅಲೆದಾಟ.

ನೀವು ಕೇಳಿಲ್ಲ, ಆದರೂ ಕರೆಂಟಿನ ಬಗ್ಗೆ ಒಂದು ಮಾತು. ನಿಮ್ಮದು 6 ವೋಲ್ಟ್ ಡೈನಮೋ. ಹೆಡ್‌ಲೈಟು ಮಿಣುಕು. ಆರ್ಮೇಚರ್ (ಡೈನಮೋ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಸುತ್ತಿಸಬಹುದು. ಪಂಪ್‌ಸೆಟ್ ಮೋಟಾರ್ ಸುತ್ತುವವರೆಲ್ಲ ಇದನ್ನು ಸುತ್ತಲಾರರು, ಡೈನಮೋ ಸುತ್ತಿ ಅಭ್ಯಾಸ ಇರುವವರನ್ನೇ ಹುಡುಕಿ. ರಾತ್ರಿ ಹೊತ್ತು ನಿಜವಾಗಿ ಓಡಿಸುವ ಮನಸ್ಸಿದ್ದರೆ, ವೇಪ್ ಅನ್ನುವ ಜೆಕ್ ಕಂಪನಿ ಈ ಗಾಡಿಗಳಿಗೆ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಮಾಡುತ್ತದೆ. ಬೆಲೆ ದುಬಾರಿ, ಸುಂಕ ಸೇರಿ ಇನ್ನೂ ದುಬಾರಿ. ಪಾಯಿಂಟ್ಸ್ ಉಜ್ಜುವ ಕೆಲಸ ತಪ್ಪುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ತೆಗೆಯುವ ಗಾಡಿಯಾದರೆ ಅದು ಬೇಡ.

ಕೆಲಸದ ಕ್ರಮ ಹೀಗಿರಲಿ. ಮೊದಲು ಕ್ರ್ಯಾಂಕ್ ಪೂರ್ತಿ ಬಿಚ್ಚಿ ಅಳತೆ ಮುಗಿಯಲಿ. ಕನೆಕ್ಟಿಂಗ್ ರಾಡೂ ಬೇಕು ಅಂತ ಆಮೇಲೆ ಗೊತ್ತಾದರೆ ಎರಡನೇ ಪಾರ್ಸಲ್, ಎರಡನೇ ಸಾಗಣೆ. ಮೈಸೂರು, ಬೆಂಗಳೂರು ಹುಡುಕಾಟ ಮುಗಿಸಿ, ಉಳಿದದ್ದನ್ನು ಒಂದೇ ಆರ್ಡರಿನಲ್ಲಿ ತರಿಸಿ. ಜಾವಾ ಇರುವ ಇನ್ನಿಬ್ಬರು ಜೊತೆ ಸೇರಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ಆದರೆ ಒಂದೇ ಪಾರ್ಟನ್ನು ಹತ್ತು ಹದಿನೈದು ತರಿಸಿದರೆ ವ್ಯಾಪಾರಕ್ಕಾ ಅಂತ ಕಸ್ಟಮ್ಸಿನವರು ಕೇಳುತ್ತಾರೆ, ವ್ಯಾಪಾರಕ್ಕಾದರೆ ಆಮದು-ರಫ್ತು ಕೋಡ್ (ಐಇಸಿ) ನಂಬರು ಬೇಕು.

ಕೊನೆಯದಾಗಿ, ಮೆಕ್ಯಾನಿಕ್ ಇಂಜಿನ್ ಕೇಸಿಂಗ್ ಬಿರುಕು ಬಿಟ್ಟಿದೆ, ಗುಜರಿಯಲ್ಲಿ ಬೇರೆ ಸಿಗುತ್ತೆ ಅಂತ ಹೇಳಿದರೆ ಸ್ವಲ್ಪ ನಿಲ್ಲಿ. ಇಂಜಿನ್ ನಂಬರು ಇರುವುದು ಅದರ ಮೇಲೆ. ಬೇರೆ ಕೇಸಿಂಗ್ ಕೂರಿಸಿದರೆ ಆರ್‌ಸಿಯಲ್ಲಿರುವ ನಂಬರಿಗೂ ಗಾಡಿಗೂ ತಾಳೆಯಾಗದು. ನೋಂದಣಿ ನವೀಕರಣಕ್ಕೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಿದ ದಿನ ಸಿಕ್ಕಿಬೀಳುತ್ತೀರಿ. ಕೇಸಿಂಗ್ ಅಲ್ಯೂಮಿನಿಯಂ, ಒಳ್ಳೆಯ ವೆಲ್ಡರ್ ಆರ್ಗಾನ್ ವೆಲ್ಡಿಂಗ್‌ನಲ್ಲಿ ಬಿರುಕು ಮುಚ್ಚಿ ಕೊಡುತ್ತಾರೆ. ಬೇರೆ ದಾರಿಯೇ ಇಲ್ಲ ಅಂದರೆ ಬಿಲ್ಲು, ಆ ಹಳೆ ಗಾಡಿಯ ಕಾಗದ ಎರಡೂ ಕೈಗೆ ಬಂದ ಮೇಲೆ, ಆರ್‌ಟಿಓದಲ್ಲಿ ಮೊದಲು ವಿಚಾರಿಸಿ, ಆಮೇಲೆ ಕೊಳ್ಳಿ.